ರಂಗಧಾಮಪ್ಪನವರ ಬೆಳೆಯದ ಕಲ್ಲು

ನಮ್ಮೂರಿನಲ್ಲಿ ಶಂಕುಸ್ಥಾಪನೆಯ ಕಲ್ಲು ನೆಟ್ಟು ಕೆಲಸ ಮಾಡದೆ ಬಿಟ್ಟರೆ ಆ ಕಲ್ಲು ಬೆಳೆಯುತ್ತದೆ. ವರ್ಷಕ್ಕೊಂದು ಗೇಣು. ಕೆಲಸ ನಡೆಯುತ್ತಿದ್ದರೆ ಸುಮ್ಮನಿರುತ್ತದೆ. ಕೆಲಸ ಪೂರ್ತಿಯಾದರೆ ನೆಲದೊಳಕ್ಕೆ ಇಳಿದುಹೋಗುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ಇಳಿದದ್ದನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬೆಳೆದದ್ದನ್ನು ಮಾತ್ರ ಕಣ್ತುಂಬ ನೋಡಿದ್ದೇವೆ. ಊರಲ್ಲಿ ಒಟ್ಟು ನಲವತ್ತೊಂದು ಕಲ್ಲುಗಳು. ಅಷ್ಟನ್ನೂ ನೆಟ್ಟವರು ಒಬ್ಬರೇ, ಆರು ಸಲ ಗೆದ್ದು ಮೂವತ್ತು ವರ್ಷಕ್ಕೆ ಒಂದು ಕಡಿಮೆ ನಮ್ಮ ಶಾಸಕರಾಗಿದ್ದ ರಂಗಧಾಮಪ್ಪನವರು. ಅಷ್ಟೂ ಕಲ್ಲುಗಳ ಮೇಲೆ ಅಕ್ಷರ ಕೊರೆದವನು ಕೂಡ ಒಬ್ಬನೇ. ಅವನು ನಾನು, ಕಲ್ಲುಕೆಲಸದ ಕಾಳಾಚಾರಿ.

ಜನ ಹೊಂದಿಕೊಂಡಿದ್ದರು. ಬಸ್ ನಿಲ್ದಾಣದ ಕಲ್ಲು ಶೀನಪ್ಪನ ಹೋಟೆಲಿನ ಸೂರು ತೂರಿಕೊಂಡು ಮೇಲಕ್ಕೆ ಹೋಗಿತ್ತು. ಅವನು ಅದರ ಸುತ್ತ ಬೆಂಚು ಹಾಕಿಸಿ, ಒರಗಿಕೊಳ್ಳಲು ಬೆನ್ನಿಗೆ ತಂಪು ಎಂದು ಗಿರಾಕಿಗಳನ್ನು ಕರೆಯುತ್ತಿದ್ದ. ಗ್ರಂಥಾಲಯದ ಕಲ್ಲಿಗೆ ಕ್ಷೌರದಂಗಡಿಯವನು ಕನ್ನಡಿ ತಗುಲಿಹಾಕಿದ್ದ. ವರ್ಷಕ್ಕೊಮ್ಮೆ ಕನ್ನಡಿ ಗೇಣು ಮೇಲೆ ಹೋಗಿ, ಕೂತವರಿಗೆ ತಮ್ಮ ನೆತ್ತಿ ಮಾತ್ರ ಕಾಣುವಂತಾದಾಗ ಮೊಳೆ ಕಿತ್ತು ಕೆಳಗೆ ಹೊಡೆಯುತ್ತಿದ್ದ. ನೀರಿನ ಟ್ಯಾಂಕಿನ ಕಲ್ಲಿಗೆ ಹೆಂಗಸರು ಹಗ್ಗ ಕಟ್ಟಿ, ಎರಡು ಮೈಲಿ ಆಚೆಯ ಬಾವಿಯಲ್ಲಿ ಒಗೆದು ತಂದ ಬಟ್ಟೆ ಒಣಗಿಸುತ್ತಿದ್ದರು. ಕಲ್ಲಿನ ಜೊತೆ ನನ್ನ ಅಕ್ಷರಗಳೂ ಬೆಳೆಯುತ್ತಿದ್ದವು. 'ಅಭಿವೃದ್ಧಿಯ ಹರಿಕಾರ ಶ್ರೀ ರಂಗಧಾಮಪ್ಪನವರ ಅಮೃತಹಸ್ತದಿಂದ' ಎಂಬುದು ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುತ್ತಿತ್ತು. ಕಾಲೇಜಿನ ಕಲ್ಲಿನಲ್ಲಿ ಅವರ ಹೆಸರಿನ ಮೊದಲ ಸೊನ್ನೆಯೊಳಗೆ ಗುಬ್ಬಿ ಗೂಡು ಕಟ್ಟಿತ್ತು. ಆ ನಲವತ್ತೊಂದು ಕಲ್ಲುಗಳಿಂದ ಊರಿಗಾದ ಉಪಕಾರ ಯಾವುದಾದರೂ ಇದ್ದರೆ ಗುಬ್ಬಿಗಾದ ಆ ಉಪಕಾರವೊಂದೇ.

ಮನೆ ಗೋಡೆ ಸೀಳಿತು ಎಂದು ಅಳುತ್ತಾ ಹೋದವರಿಗೆ ರಂಗಧಾಮಪ್ಪನವರು ಬೆನ್ನು ತಟ್ಟಿ ಹೇಳುತ್ತಿದ್ದರು: "ಅಳ್ತೀಯಲ್ಲೋ ಹುಚ್ಚಪ್ಪ. ಪಕ್ಕದೂರ್ನಾಗೆ ಒಂದಾದ್ರೂ ಕಲ್ಲು ಬೆಳ್ದೈತಾ? ನಮ್ಮೂರು ಬೆಳೀತಾ ಐತೆ ಕಣೋ!" ಅತ್ತವನು ಕಣ್ಣೊರೆಸಿಕೊಂಡು, ಹೌದಲ್ಲ ಎಂದು ತಲೆ ಕೆರೆದುಕೊಳ್ಳುತ್ತಾ ವಾಪಸು ಬರುತ್ತಿದ್ದ. ಇನ್ನೊಂದು ಮಾತು ಹೇಳಬೇಕು. ಆ ಮಹಾನುಭಾವರು ತಮ್ಮ ಬಂಗಲೆಯ ಕಾಂಪೌಂಡಿನೊಳಗೆ ಒಂದೇ ಒಂದು ಕಲ್ಲನ್ನೂ ನೆಡಿಸಿರಲಿಲ್ಲ. ಜನಸೇವೆಗೆ ಜನರ ಜಾಗವೇ ಬೇಕು ಎನ್ನುತ್ತಿದ್ದರು.

ನಲವತ್ತೊಂದರಲ್ಲಿ ಒಂದು ಕಲ್ಲು ಮಾತ್ರ ಬೆಳೆದಿರಲಿಲ್ಲ. ಅದು ಹೆರಿಗೆ ಆಸ್ಪತ್ರೆಯ ಕಲ್ಲು. ಊರಂಚಿನಲ್ಲಿ ಪಾಳುಬಿದ್ದಿದ್ದ ಸುಂಕದ ಕೋಣೆಯ ಮುಂದೆ ಮೊಣಕಾಲೆತ್ತರಕ್ಕೆ ನೆಟ್ಟದ್ದು, ಇಪ್ಪತ್ತೆರಡು ವರ್ಷ ಕಳೆದರೂ ಮೊಣಕಾಲೆತ್ತರಕ್ಕೇ ಇತ್ತು. ಅದನ್ನು ನೆಟ್ಟ ನಾಲ್ಕನೇ ದಿನ ನಾನು ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುತ್ತಾ ಕೂತಿದ್ದೆ. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ತಗಡಿನ ಟ್ರಂಕು ಹೊತ್ತು ಬಂದು ನಿಂತಳು. ಕೈಯಲ್ಲಿ ಸರ್ಕಾರದ ಆರ್ಡರು.

"ಹೆರಿಗೆ ಆಸ್ಪತ್ರೆ ಎಲ್ಲಿದೆ ಅಂತ ಸ್ವಲ್ಪ ಹೇಳ್ತೀರಾ? ನಂಗೆ ಇಲ್ಲಿಗೆ ಹಾಕಿದಾರೆ, ನರ್ಸು."

"ಇದೇ ಕಣಮ್ಮ," ಎಂದು ಬ್ರಷ್ಷಿನಿಂದ ಕಲ್ಲನ್ನು ತೋರಿಸಿದೆ.

ಅವಳು ಕಲ್ಲು ನೋಡಿದಳು, ಆರ್ಡರು ನೋಡಿದಳು, ನನ್ನ ಮುಖ ನೋಡಿದಳು. "ಮಿಕ್ಕಿದ್ದು?"

"ಮಿಕ್ಕಿದ್ದು ಬತ್ತದಂತೆ."

ಅವಳು ಟ್ರಂಕು ಇಳಿಸಿ ಅದರ ಮೇಲೆ ಕೂತಳು. ಅವಳೇ ಎಸ್ತರಮ್ಮ, ಊರಿಗೆಲ್ಲ ನರ್ಸಮ್ಮ. ಅವಳು ಹೆಚ್ಚು ಹೊತ್ತು ಕೂರಲಿಲ್ಲ. ಅವತ್ತೇ ಮಧ್ಯಾಹ್ನ ನನ್ನ ಹೆಂಡತಿ ದೇವೀರಮ್ಮನಿಗೆ ನೋವು ಶುರುವಾಯಿತು. ದೊಡ್ಡಾಸ್ಪತ್ರೆ ಇರುವ ಊರು ಗಾಡಿ ದಾರಿಯಲ್ಲಿ ಇಡೀ ದಿನದ ಪಯಣ. ನರ್ಸಮ್ಮ ಸುಂಕದ ಕೋಣೆಯ ಕಸ ಗುಡಿಸಿ, ಹೊರಗೆ ಮೂರು ಕಲ್ಲಿಟ್ಟು ನೀರು ಕಾಯಿಸಿ, ಟ್ರಂಕಿನಿಂದ ತನ್ನದೇ ಹೊಸ ಸೀರೆ ತೆಗೆದು ಹಾಸಿದಳು. ನನ್ನ ಮಗಳು ರೂಪಕಲಾ ಹುಟ್ಟಿದ್ದು ಆ ಸೀರೆಯ ಮೇಲೆ. ಆ ಕೋಣೆಯಲ್ಲಿ ಕೇಳಿದ ಮೊದಲ ಕೂಗು ಅವಳದು.

ಅಲ್ಲಿಂದಾಚೆಗೆ ಆ ಕೋಣೆಗೆ ಒಂದು ದಿನವೂ ಬೀಗ ಬಿದ್ದಿರಲಿಲ್ಲ. ಕ್ರಿಸ್ಮಸ್ ದಿನವೂ ನರ್ಸಮ್ಮ ಬೆಳಿಗ್ಗೆ ಪ್ರಾರ್ಥನೆ ಮಾಡಿ ಮಧ್ಯಾಹ್ನಕ್ಕೆ ಯಾರದೋ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದಳು. ಎರಡನೇ ಮಂಚ ಕೊಡಿ, ಒಂದು ನಲ್ಲಿ ಹಾಕಿಸಿ, ಲೈಟು ಕೊಡಿ ಎಂದು ವರ್ಷಕ್ಕೊಂದು ಅರ್ಜಿ ಬರೆದುಕೊಂಡು ಬಂಗಲೆಗೆ ಹೋಗುತ್ತಿದ್ದಳು. ರಂಗಧಾಮಪ್ಪನವರು ಅರ್ಜಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹಿಂದೆ ನಿಂತವನ ಕೈಗೆ ಕೊಡುತ್ತಿದ್ದರು. ಅವನು ಅವನ ಹಿಂದಿನವನಿಗೆ ಕೊಡುತ್ತಿದ್ದ. ಆ ಸಾಲಿನ ಕೊನೆಯಲ್ಲಿ ಯಾರಿದ್ದರೋ, ಅಡುಗೆ ಮನೆಯ ಒಲೆಯೇ ಇತ್ತೋ, ತಿಳಿಯದು. ಕಲ್ಲು ಮಾತ್ರ ಬೆಳೆಯಲಿಲ್ಲ. ಯಾಕೆ ಬೆಳೆಯಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಊರಿಗಿರಲಿಲ್ಲ, ನನಗೂ ಇರಲಿಲ್ಲ. ನಲವತ್ತೊಂದು ಸಲ ಸುಳ್ಳು ಕೊರೆದವನಿಗೆ ನಿಜ ಹೇಳುವ ಬಾಯಿ ಎಲ್ಲಿಂದ ಬರಬೇಕು?

ರಂಗಧಾಮಪ್ಪನವರು ಸತ್ತದ್ದು ತಮ್ಮದೇ ಎಪ್ಪತ್ತನೇ ಹುಟ್ಟುಹಬ್ಬದ ಅಭಿನಂದನಾ ಸಮಾರಂಭದಲ್ಲಿ. ಮೂರನೇ ಹಾರಕ್ಕೆ ಕತ್ತು ಬಗ್ಗಿಸಿದವರು ಮತ್ತೆ ಎತ್ತಲಿಲ್ಲ. ವಿನಯದಿಂದ ಹಾಗೆ ನಿಂತಿದ್ದಾರೆ ಎಂದುಕೊಂಡು ಇನ್ನೂ ನಾಲ್ಕು ಜನ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಇಳಿದರು. ಅಂಥ ಸಾವು ಪುಣ್ಯವಂತರಿಗೆ ಮಾತ್ರ ಎಂದು ಜನ ಮಾತಾಡಿಕೊಂಡರು. ಜನಕ್ಕೇನು, ಮಾತಿಗೆ ಬರವೇ?

ಹನ್ನೊಂದನೇ ದಿನ ಶ್ರದ್ಧಾಂಜಲಿ ಸಭೆ ನಡೆಯಿತು. ನಂಜುಂಡಾರಾಧ್ಯ ಮೇಷ್ಟ್ರು ಅಧ್ಯಕ್ಷರು. ಇವರು ನಿವೃತ್ತ ಹೆಡ್‌ಮಾಸ್ತರರು. ಊರಲ್ಲಿ ಯಾರು ಹುಟ್ಟಿದರೂ ಸತ್ತರೂ ಮೈಕು ಹಿಡಿಯುವುದರಲ್ಲಿ ಎತ್ತಿದ ಕೈ. ಆದರೆ ಅವತ್ತು ಅವರಿಗೂ ಕಷ್ಟಕ್ಕಿಟ್ಟುಕೊಂಡಿತು. ಹಿಂದೆ ಮುಂದೆ ಎಡಕ್ಕೆ ಬಲಕ್ಕೆ ಕಲ್ಲುಗಳು ನಿಂತಿರುವಾಗ ಆ ಮನುಷ್ಯ ಮಾಡಿದ ಯಾವ ಕೆಲಸ ಹೇಳುವುದು? ಒಬ್ಬ ಬಂದು, ಸಾಹೇಬರು ಬಿಳೀ ಬಟ್ಟೆಯಲ್ಲಿ ಒಂದು ಕಲೆಯೂ ಇರದಂತೆ ನೋಡಿಕೊಳ್ಳುತ್ತಿದ್ದರು ಎಂದ. ಇನ್ನೊಬ್ಬ, ಅವರಿಗೆ ಕಾಯಿಹೋಳಿಗೆ ಎಂದರೆ ಪ್ರಾಣ ಎಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತ. ಮತ್ತೊಬ್ಬ, ಅವರು ನನ್ನನ್ನು ಒಂದು ಸಲ ಹೆಸರು ಹಿಡಿದು ಕರೆದಿದ್ದರು ಎಂದ. ಕರೆದ ಹೆಸರು ಅವನ ತಮ್ಮನದಂತೆ. ಆದರೂ ಕರೆದರಲ್ಲ!

ಮೇಷ್ಟ್ರು ಕೊನೆಗೆ ಎದ್ದು ನಿಂತು, ಕನ್ನಡಕ ಒರೆಸಿ, ಊರಂಚಿನ ಕಡೆ ಕೈ ಚಾಚಿದರು. "ಮಹಾಜನಗಳೇ, ಹೆರಿಗೆ ಆಸ್ಪತ್ರೆಯ ಕಲ್ಲು ಇಪ್ಪತ್ತೆರಡು ವರ್ಷದಿಂದ ಒಂದಂಗುಲ ಬೆಳೆದಿಲ್ಲ! ಕೆಲಸ ನಡೆಯದೆ ಕಲ್ಲು ಸುಮ್ಮನಿರುತ್ತದೆಯೆ? ಆ ಕೆಲಸ ನಡೆಸಿದವರು ಯಾರು? ಕಲ್ಲಿನ ಮೇಲೆ ಯಾರ ಹೆಸರಿದೆಯೋ ಅವರು!"

ಚಪ್ಪಾಳೆಯೋ ಚಪ್ಪಾಳೆ. ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ ನರ್ಸಮ್ಮ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತವರು, ಅವಳ ಕೈಯಲ್ಲಿ ಎರಡೆರಡು ಮೂರ್ಮೂರು ಹೆತ್ತವರು, ಅವಳ ಮುಖ ನೋಡಿ, ತಲೆ ತಗ್ಗಿಸಿ, ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಕೈಯಿಂದಲೇ ತಟ್ಟಿದೆ.

ರಂಗಧಾಮಪ್ಪನವರ ಮಗ ಯತೀಶ ಅಲ್ಲೇ ನಿರ್ಣಯ ಓದಿದ. ತಂದೆಯವರ ಸ್ಥಾನಕ್ಕೆ ನಡೆಯುವ ಚುನಾವಣೆಗೆ ಅವನೇ ನಿಲ್ಲುವವನಿದ್ದ. ಸುಂಕದ ಕೋಣೆ ಕೆಡವಿ, ಬೆಳೆಯದ ಕಲ್ಲಿನ ಸುತ್ತ ಅಮೃತಶಿಲೆಯ ಮಂಟಪ ಕಟ್ಟಿ, ತಂದೆಯವರ ಸ್ಮಾರಕ ಮಾಡುವುದು. ಕಲ್ಲಿನ ಮೇಲೆ 'ನುಡಿದಂತೆ ನಡೆದವರು' ಎಂಬ ಸಾಲು ಸೇರಿಸುವುದು. ಸಾಲು ಕೊರೆಯಬೇಕಾದವನು ನಾನು.

ಸಭೆ ಮುಗಿಸಿಕೊಂಡು ನೇರ ಸುಂಕದ ಕೋಣೆಗೆ ಹೋದೆ. ನರ್ಸಮ್ಮ ಒಬ್ಬ ಬಾಣಂತಿಗೆ ಗಂಜಿ ಕುಡಿಸುತ್ತಿದ್ದಳು.

"ತೆಪ್ಪಾತು ನರ್ಸಮ್ಮ. ನಾನು ಅಲ್ಲೇ ಎದ್ದು ಹೇಳ್ಬೇಕಾಗಿತ್ತು," ಎಂದೆ.

"ಹೇಳ್ಬೇಕಾಗಿತ್ತು. ಹೇಳ್ಲಿಲ್ಲ." ಅವಳು ತಿರುಗಿ ನೋಡಲಿಲ್ಲ. "ನಂಗೆ ಹೆಸರು ಬೇಡ ಆಚಾರ್ರೇ. ಹೆಸರು ಅವರ ಮನೆಗೇ ಇರಲಿ. ನಂಗೆ ಈ ಕೋಣೆ ಬೇಕು. ಮುಂದಿನ ತಿಂಗಳು ಒಂಬತ್ತು ಜನ ಇದಾರೆ. ಮಂಟಪದಲ್ಲಿ ಹೆರೋಕಾಗಲ್ಲ."

ಮಾರನೇ ದಿನ ನಾನು ಬಂಗಲೆಗೆ ಹೋದೆ. ನಿಜ ಹೇಳಿದರೆ ಕೇಳುವ ಕಿವಿ ಅಲ್ಲಿರಲಿಲ್ಲ. ಆ ಮನೆಯ ಭಾಷೆ ನನಗೆ ಚೆನ್ನಾಗಿ ಬರುತ್ತಿತ್ತು, ಇಪ್ಪತ್ತೊಂಬತ್ತು ವರ್ಷ ಅದನ್ನೇ ಕೊರೆದಿದ್ದೆ. "ಯತೀಶಪ್ಪಾರೇ, ಸಣ್ಣೋನ ಮಾತು ಒಂದೈತೆ. ಅಲ್ಲಿ ಮೈಲಿಗೆ ಬಟ್ಟೆ, ಕೂಸುಗಳ ಉಚ್ಚೆ. ಅಂಥಾ ಕಡೆ ಸಾಹೇಬ್ರ ಕಲ್ಲು ಇರಬೋದಾ? ನಿಮ್ ಬಂಗಲೆ ಹಾಲಿನಾಗೆ, ಸಾಹೇಬ್ರ ಫೋಟೋ ಕೆಳಗೆ ನೆಟ್ರೆ ಎಂಗಿರ್ತದೆ! ಜನ ನಿಮ್ ಮನೆಗೇ ಬಂದು ಕೈ ಮುಗೀತಾರೆ."

ಯತೀಶನ ಕಣ್ಣು ಅಗಲವಾದವು. ಜನ ಮನೆಗೆ ಬಂದು ಕೈ ಮುಗಿಯುವುದು ಎಂಬ ಮಾತು ಆ ವಂಶದ ನಾಲಿಗೆಗೆ ಜೇನು. ಮೂರೇ ದಿನದಲ್ಲಿ ವಾಲಗ ಊದಿಸಿಕೊಂಡು ಬಂದು ಕಲ್ಲು ಕಿತ್ತುಕೊಂಡು ಹೋದರು. ಕೋಣೆ ಉಳಿಯಿತು. ನಾನು ಬಂಗಲೆಯ ಹಾಲಿನಲ್ಲಿ ಕೂತು 'ನುಡಿದಂತೆ ನಡೆದವರು' ಎಂದು ಕೊರೆಯುತ್ತಾ ಒಳಗೊಳಗೇ ನಗುತ್ತಿದ್ದೆ. ನರ್ಸಮ್ಮನ ಕೋಣೆ ಬಿಟ್ಟು ಬಂದ ಕಲ್ಲು ಇನ್ನು ಸುಮ್ಮನಿರುವುದಿಲ್ಲ, ಇಪ್ಪತ್ತೆರಡು ವರ್ಷದ್ದನ್ನು ಒಟ್ಟಿಗೆ ಬೆಳೆದು ಇವರ ಸೂರು ಹಾರಿಸುತ್ತದೆ ಎಂದು ನನ್ನ ಲೆಕ್ಕಾಚಾರ. ಅಂಥ ಬುದ್ಧಿವಂತ ನಾನು.

ಕಲ್ಲು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಅದಕ್ಕೆ ಬೇಕಾದದ್ದು ಕೆಲಸ. ಕೆಲಸ ಊರಂಚಿನಲ್ಲಿ ನಡೆಯುತ್ತಲೇ ಇತ್ತು. ನರ್ಸಮ್ಮ ಒಂದೊಂದು ಕೂಸನ್ನು ಹೊರಗೆ ತೆಗೆದಾಗಲೂ ಬಂಗಲೆಯ ಕಲ್ಲು ಹಾಯಾಗಿ ನಿಂತಿರುತ್ತಿತ್ತು. ಪಕ್ಕದ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದು ಮೊಣಕಾಲೆತ್ತರದ ಸತ್ಯಕ್ಕೆ ಕೈ ಮುಗಿದರು. ಆ ಕಲ್ಲನ್ನೇ ತೋರಿಸಿ ಯತೀಶ ಚುನಾವಣೆ ಗೆದ್ದು ಶಾಸಕನಾದ. ನನ್ನ ಬುದ್ಧಿವಂತಿಕೆಯಿಂದ ಅವರಿಗೆ ಸ್ಮಾರಕವೂ ಆಯಿತು, ಕುರ್ಚಿಯೂ ಸಿಕ್ಕಿತು. ಹೊಟ್ಟೆ ಉರಿದು ಹೋಯಿತು. ದೇವೀರಮ್ಮ ಮಾತ್ರ, "ಕೋಣೆ ಉಳೀತಲ್ಲ, ಸುಮ್ನಿರು," ಎಂದಳು.

ವರ್ಷ ಕಳೆಯಿತು. ಪುಣ್ಯತಿಥಿ ಹತ್ತಿರ ಬಂದ ಹೊತ್ತಿಗೆ ನನ್ನ ಮಗಳು ರೂಪಕಲಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ದಿನ ತುಂಬಿತ್ತು. ಯತೀಶನ ಕಡೆಯಿಂದ ಡಂಗುರ ಹೊಡೆಸಿದರು: ಮಹಾನಾಯಕರ ಗೌರವಾರ್ಥ ಅವತ್ತು ಊರಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಕೂಡದು. ಅಂಗಡಿ, ಹೋಟೆಲು, ಗಿರಣಿ, ಶಾಲೆ, ಸುಂಕದ ಕೋಣೆ, ಎಲ್ಲಕ್ಕೂ ಬೀಗ. ಜೀವಮಾನವಿಡೀ ಯಾವ ಕೆಲಸವನ್ನೂ ಮಾಡದ ಮನುಷ್ಯನಿಗೆ ಇದಕ್ಕಿಂತ ತಕ್ಕ ಗೌರವ ಇನ್ನೇನಿದೆ ಎಂದು ನಾನು ದೇವೀರಮ್ಮನ ಹತ್ತಿರ ಅಂದೆ. ಅವಳು ನಗಲಿಲ್ಲ. ಮಗಳ ಹೊಟ್ಟೆಯ ಕಡೆ ನೋಡಿ, "ಅವತ್ತೊಂದು ದಿನ ಕಳುದ್ರೆ ಸಾಕು ದೇವ್ರೇ," ಎಂದಳು.

ಅವತ್ತು ಬೆಳಿಗ್ಗೆ ಕೋಣೆಯಲ್ಲಿದ್ದ ಇಬ್ಬರು ಬಾಣಂತಿಯರನ್ನು ಎತ್ತಿನಗಾಡಿಯಲ್ಲಿ ಮನೆಗೆ ಕಳಿಸಿ, ಯತೀಶನ ಕಡೆಯವರು ಬಾಗಿಲಿಗೆ ಹಲಸಿನಕಾಯಿಯಷ್ಟು ದಪ್ಪದ ಬೀಗ ಜಡಿದರು. ನರ್ಸಮ್ಮ ಬೇಡ ಬೇಡ ಎಂದರೂ ಕೇಳದೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಅವಳಿಗೆ ಸನ್ಮಾನ ಇತ್ತು. ಆಮಂತ್ರಣ ಪತ್ರಿಕೆಯಲ್ಲಿ 'ಮಹಾನಾಯಕರ ನೆರಳಿನಲ್ಲಿ ಅಳಿಲು ಸೇವೆ ಸಲ್ಲಿಸಿದ' ಎಂದು ಅಚ್ಚಾಗಿತ್ತು.

ಬಂಗಲೆಯ ಹಾಲು ತುಂಬಿ ವರಾಂಡದವರೆಗೂ ಜನ. ಮೇಷ್ಟ್ರು ಒಂದು ಗಂಟೆ ಮಾತಾಡಿ, ಕಲ್ಲಿಗೆ ಹಾರ ಹಾಕಿಸಿ, ನರ್ಸಮ್ಮನನ್ನು ಕರೆದರು. ಯತೀಶ ಶಾಲು ಬಿಚ್ಚಿ ಅವಳ ಹೆಗಲ ಮೇಲೆ ಹಾಕುತ್ತಿದ್ದ ಹಾಗೆ ಕರ್ರ್ ಎಂದು ಶಬ್ದವಾಯಿತು. ಯಾರೋ ಕುರ್ಚಿ ಎಳೆದರು ಎಂದುಕೊಂಡರು. ಮತ್ತೆ ಕರ್ರ್ ಎಂದಿತು. ಹಾರ ಹಾಕಿದ್ದ ಕಲ್ಲು ಸೊಂಟದ ಮಟ್ಟಕ್ಕೆ ಬಂದಿತ್ತು. ಎಲ್ಲರೂ ನೋಡನೋಡುತ್ತಿದ್ದಂತೆ ಎದೆಯ ಮಟ್ಟಕ್ಕೆ ಬಂತು. 'ನುಡಿದಂತೆ ನಡೆದವರು' ಎಂಬ ನನ್ನ ಅಕ್ಷರಗಳು ಅಂಗೈಯಗಲ, ಆಮೇಲೆ ಮೊರದಗಲ ಆದವು. ಕಲ್ಲಿನ ತುದಿ ರಂಗಧಾಮಪ್ಪನವರ ದೊಡ್ಡ ಫೋಟೋದ ಕೆಳಗೆ ಸಿಕ್ಕಿಕೊಂಡು, ಅದನ್ನು ಮೊಳೆ ಸಮೇತ ಎತ್ತಿ, ನೆಲಕ್ಕೆ ಕೆಡವಿತು. ಗಾಜು ಚೂರಾಯಿತು. ಜನ ಕಿರುಚುತ್ತಾ ಬಾಗಿಲ ಕಡೆ ನುಗ್ಗಿದರು.

ನನ್ನ ಎದೆ ಎಷ್ಟು ಹಿಗ್ಗಿತು ಎಂದರೆ ಹೇಳಲಾರೆ. ಬೆಳಿ, ಬೆಳಿ, ಸೂರು ಒಡೆ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅಷ್ಟರಲ್ಲಿ ದೇವೀರಮ್ಮ ಜನರನ್ನು ತಳ್ಳಿಕೊಂಡು ಬಂದು ನನ್ನ ರಟ್ಟೆ ಹಿಡಿದಳು. "ರೂಪಂಗೆ ನೀರೊಡೀತು. ಕೋಣೆ ಬೀಗ ಆಕವ್ರೆ. ಜಗಲಿ ಮೇಲೆ ಒದ್ದಾಡ್ತಾವ್ಳೆ, ಬಾ!"

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅರೆಗಳಿಗೆ ಅಲ್ಲೇ ನಿಂತೆ. ಕಲ್ಲು ಆಳೆತ್ತರ ದಾಟಿತ್ತು. ಇನ್ನು ಸ್ವಲ್ಪ ಹೊತ್ತು ಆ ಬಾಗಿಲು ಮುಚ್ಚಿಯೇ ಇದ್ದರೆ ಸೂರು ಹಾರುತ್ತಿತ್ತು, ಮೂವತ್ತು ವರ್ಷದ ಸುಳ್ಳು ಬಟಾಬಯಲಾಗುತ್ತಿತ್ತು. ಬಾಗಿಲು ತೆರೆದರೆ ಕಲ್ಲು ನಿಲ್ಲುತ್ತಿತ್ತು. ಅದನ್ನು ಎಣಿಸುತ್ತಾ ನಿಂತ ಆ ಅರೆಗಳಿಗೆಗೆ ನನಗೆ ಇವತ್ತಿಗೂ ಕ್ಷಮೆ ಇಲ್ಲ. ನರ್ಸಮ್ಮ ಎಣಿಸಲಿಲ್ಲ. ಶಾಲನ್ನು ಯತೀಶನ ಕೈಗೇ ವಾಪಸು ತುರುಕಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ಮುಂದೆಯೇ ಓಡುತ್ತಿದ್ದಳು. "ಉಳಿ ಸುತ್ತಿಗೆ ಇದೆಯೇನ್ರೀ ಚೀಲದಲ್ಲಿ?" ಎಂದು ಓಡುತ್ತಲೇ ಕೇಳಿದಳು.

ಇತ್ತು. ನನ್ನ ಉಳಿ ಜೀವಮಾನದಲ್ಲಿ ಮಾಡಿದ ಮೊದಲ ಒಳ್ಳೆಯ ಕೆಲಸ ಎಂದರೆ ಆ ಬೀಗ ಒಡೆದದ್ದು. ಮೂರು ಏಟಿಗೆ ಕೊಂಡಿ ಹಾರಿತು. ಹೆಂಗಸರು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಹೊರಗೆ, ಕಲ್ಲು ಕಿತ್ತ ಗುಂಡಿಯ ಅಂಚಿನಲ್ಲಿ, ಕುಕ್ಕರುಗಾಲಲ್ಲಿ ಕೂತೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕೂಸು ಕೂಗಿತು. ಹೆಣ್ಣು ಕೂಸು. ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಳು. "ಹಿಡ್ಕೊಳ್ಳಿ ಆಚಾರ್ರೇ. ನಿಮ್ಮ ಕಲ್ಲೂ ನಿಂತಿರುತ್ತೆ ಈಗ." ಅವಳಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಒಂದು ವರ್ಷ ಒಂದರ ಹಿಂದೊಂದು ಹೆರಿಗೆ ಮಾಡಿಸಿ ಆ ಮನೆಯ ಮಾನ ಕಾಯ್ದಿದ್ದಳು. ನನಗೆ ಅಳು ಬಂತು. ಕೂಸಿನ ಮುಖದ ಮೇಲೆ ಬೀಳದಿರಲಿ ಎಂದು ಮುಖ ತಿರುಗಿಸಿಕೊಂಡೆ.

ಬಾಗಿಲು ತೆರೆದು ಒಳಗೆ ಹೆರಿಗೆ ಶುರುವಾದ ಗಳಿಗೆಗೆ ಕಲ್ಲು ತಡವರಿಸಿ, ಕೂಸು ಕೂಗಿದ ಗಳಿಗೆಗೆ ಪೂರ್ತಿ ನಿಂತಿತಂತೆ. ಸೂರಿನ ತೊಲೆಗೂ ಅದರ ತುದಿಗೂ ಒಂದೇ ಗೇಣು ಉಳಿದಿತ್ತು. ಇನ್ನಾದರೂ ಬುದ್ಧಿ ಬರುತ್ತದೆ ಎಂದುಕೊಂಡೆನಲ್ಲ, ನನ್ನ ಮಂಕುತನಕ್ಕೆ ಏನು ಹೇಳಲಿ! ಮೇಷ್ಟ್ರು ಮುರಿದ ಕುರ್ಚಿಗಳ ನಡುವಿನಿಂದ ಮೈಕು ಹುಡುಕಿ ತೆಗೆದು, "ನೋಡಿದಿರಾ ಮಹಾಜನಗಳೇ, ಒಂದು ಹೆಣ್ಣುಮಗಳು ಸಂಕಟದಲ್ಲಿದ್ದಾಳೆ ಎಂದು ಮಹಾನಾಯಕರು ಎದ್ದು ನಿಂತು ಎಚ್ಚರಿಸಿದರು! ಸತ್ತ ಮೇಲೂ ಸೇವೆ!" ಎಂದರಂತೆ. ಓಡಿಹೋಗಿದ್ದವರು ವಾಪಸು ಬಂದು ಚಪ್ಪಾಳೆ ತಟ್ಟಿದರಂತೆ.

ಯತೀಶ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವನು ಆ ಒಂದು ಗೇಣನ್ನೇ ನೋಡುತ್ತಿದ್ದ. ಅವತ್ತೇ ಸಂಜೆ ಒಬ್ಬನೇ ಕೋಣೆಗೆ ಬಂದ. ನಾನು ಅಲ್ಲೇ ಜಗಲಿಯ ಮೇಲಿದ್ದೆ.

"ಎಸ್ತರಮ್ನೋರೇ, ನೀವು ಊರು ಬಿಟ್ಟು ಎಲ್ಲಿಗೂ ಹೋಗಲ್ಲ ತಾನೇ?" ಎಂದು ಕೈ ಜೋಡಿಸಿದ.

ನರ್ಸಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಇಪ್ಪತ್ತಮೂರು ವರ್ಷ ಆಯ್ತು ಯತೀಶಪ್ಪ, ಒಂದು ದಿನ ರಜ ಹಾಕಿಲ್ಲ. ಸುಸ್ತಾಗಿದೆ. ನಾಳೆಯಿಂದ ಒಂದು ವಾರ ತಂಗಿ ಮನೆಗೆ ಹೋಗೋಣ ಅಂತಿದೀನಿ."

"ಒಂದು ವಾರ!" ಅವನು ಬಗ್ಗಿದ. "ಹೋಗ್ಬೇಡಿ ಅಮ್ಮ. ನಿಮ್ ಕಾಲಿಗೆ ಬೀಳ್ತೀನಿ. ಏನು ಬೇಕು ಹೇಳಿ."

"ನಾನು ಒಬ್ಬಳೇ ಇರೋದಕ್ಕೆ ತಾನೇ ರಜ ಹಾಕಿದ್ರೆ ನಿಮ್ಮ ಸೂರು ಹೋಗೋದು? ಇನ್ನಿಬ್ಬರು ನರ್ಸನ್ನ ಹಾಕ್ಸಿ. ಅವರು ನಿಂತ್ಕೊಳ್ಳೋಕೆ ಜಾಗ ಬೇಕು, ಕಟ್ಟಡ ಕಟ್ಸಿ. ನಿಮ್ಮ ತಂದೆಯವರು ಕಣ್ಣಿಗೊತ್ತಿಕೊಂಡ ಅರ್ಜಿಗಳ ನಕಲು ನನ್ನ ಟ್ರಂಕಲ್ಲಿದೆ. ಕೊಡ್ಲಾ?"

ಇಪ್ಪತ್ತಮೂರು ವರ್ಷ ಆಗದ ಆಸ್ಪತ್ರೆ ನಾಲ್ಕು ತಿಂಗಳಲ್ಲಿ ಎದ್ದಿತು. ಜನಸೇವೆಯ ಬಗ್ಗೆ ಭಾಷಣ ಕೇಳಿ ಕೇಳಿ ಕಿವಿ ತೂತಾದ ನನಗೆ, ತನ್ನ ಮನೆಯ ತೊಲೆಯ ಬಗ್ಗೆ ಒಬ್ಬ ಶಾಸಕನಿಗಿರುವ ಭಯದಿಂದ ಎಷ್ಟು ಜನಸೇವೆಯಾಗುತ್ತದೆ ಎಂದು ಅವಾಗ ಗೊತ್ತಾಯಿತು. ಗೋಡೆ ಎದ್ದಷ್ಟೂ ಬಂಗಲೆಯ ಕಲ್ಲು ಇಳಿಯಿತು. ನಮ್ಮಪ್ಪ ಹೇಳಿದ್ದು ನಿಜ. ತಾರಸಿ ಹಾಕಿದ ದಿನ ಕಲ್ಲು ಮೊಣಕಾಲಿಗಿಂತ ಕೆಳಗೆ ಹೋಯಿತು. ನಲ್ಲಿಯಲ್ಲಿ ನೀರು ಬಂದ ದಿನ 'ನುಡಿದಂತೆ ನಡೆದವರು' ನೆಲದಡಿಗೆ ಹೋಯಿತು. ಮಂಚಗಳು ಬಂದ ದಿನ ರಂಗಧಾಮಪ್ಪನವರ ಹೆಸರಿನ ಸಾಲೊಂದೇ ಉಳಿಯಿತು.

ಅವಾಗ ಯತೀಶನಿಗೆ ಹೊಸ ದಿಗಿಲು ಹತ್ತಿತು. ಮತ್ತೆ ಓಡಿಬಂದ. "ಅಮ್ಮಾ, ಇಲ್ಲಿಗೆ ಸಾಕು ನಿಲ್ಸಿ. ಒಂದು ಬಾಗ್ಲು ಕೂರುಸೋದು ಬಾಕಿ ಐತಲ್ಲ, ಅದೊಂದು ಹಂಗೇ ಇರ್ಲಿ. ಕೆಲ್ಸ ನಡೀತಾನೇ ಐತೆ ಅಂತ ಲೆಕ್ಕ ಆಗ್ತದೆ. ಕಲ್ಲು ಬೆಳಿಯೋದೂ ಇಲ್ಲ, ಹೋಗೋದೂ ಇಲ್ಲ. ನಮ್ಮಪ್ಪಾರ ಹೆಸ್ರು ಉಳೀತದೆ."

ಎಂಥಾ ತಲೆ! ಅಪ್ಪನಿಗೆ ತಕ್ಕ ಮಗ. ಕೆಲಸ ಮಾಡದೆ ಹೆಸರು ಮಾಡುವುದನ್ನು ಅಪ್ಪ ಕಂಡುಹಿಡಿದಿದ್ದ. ಕೆಲಸ ಮುಗಿಸದೆ ಹೆಸರು ಉಳಿಸಿಕೊಳ್ಳುವುದನ್ನು ಮಗ ಕಂಡುಹಿಡಿದ.

"ಬಾಗಿಲಿಲ್ಲದೆ ಹೆಂಗಪ್ಪಾ ಹೆರಿಗೆ ಮಾಡ್ಸೋದು?" ಎಂದಳು ನರ್ಸಮ್ಮ. ನಿಜವಾಗಿ ಅರ್ಥವಾಗದವಳ ಹಾಗೆ ಕೇಳಿದಳು. "ಹೆಣ್ಣುಮಕ್ಕಳಿಗೆ ಮರೆ ಬೇಡ್ವಾ?"

ಯತೀಶ ಬಡಗಿಗಳನ್ನೆಲ್ಲ ಕರೆಸಿ, ಆ ಬಾಗಿಲು ಮುಟ್ಟಿದವನ ಕೈ ಮುರಿಸುತ್ತೇನೆ ಎಂದು ಹೆದರಿಸಿ ಹೋದ. ಬಡಗಿಗಳೆಲ್ಲ ನನ್ನ ದಾಯಾದಿಗಳೇ. ಹೆದರಿ ಮನೆ ಸೇರಿದರು. ಬಾಗಿಲು ಗೋಡೆಗೆ ಒರಗಿಕೊಂಡು ಎರಡು ದಿನ ಹಾಗೇ ನಿಂತಿತ್ತು. ಮೂರನೇ ದಿನ ಬೆಳಿಗ್ಗೆ ಒಬ್ಬ ಬಸುರಿಯನ್ನು ಗಾಡಿಯಲ್ಲಿ ತಂದರು. ನರ್ಸಮ್ಮ ಬಾಗಿಲಿಲ್ಲದ ಬಾಗಿಲಿಗೆ ಸೀರೆ ಕಟ್ಟಲು ನೋಡುತ್ತಿದ್ದಳು. ಗಾಳಿಗೆ ಸೀರೆ ನಿಲ್ಲುತ್ತಿರಲಿಲ್ಲ.

ನಾನು ಕಲ್ಲಿನವನು, ಮರದ ಕೆಲಸ ಅಷ್ಟಕ್ಕಷ್ಟೇ. ಆದರೂ ಎದ್ದೆ. ಮೊದಲ ಸಭೆಯಲ್ಲಿ ಏಳದವನು, ಬಂಗಲೆಯ ಹಾಲಿನಲ್ಲಿ ಅರೆಗಳಿಗೆ ನಿಂತವನು, ಅವತ್ತು ಎದ್ದೆ. ಬಾಗಿಲನ್ನು ಹೆಗಲಿಗೆ ಕೊಟ್ಟು, ದೇವೀರಮ್ಮನಿಂದ ಕೆಳಗೆ ಹಿಡಿಸಿಕೊಂಡು, ಕೀಲು ಕೂರಿಸಿದೆ. ಕೈ ಮುರಿಯುವವರು ಯಾರೂ ಬರಲಿಲ್ಲ. ಬಂದಿದ್ದರೂ ನಿಲ್ಲಿಸುತ್ತಿರಲಿಲ್ಲ. ನರ್ಸಮ್ಮ ಒಳಗಿನಿಂದ ಅಗುಳಿ ಹಾಕಿಕೊಂಡಳು.

ಸಂಜೆ ಬಂಗಲೆಗೆ ಹೋಗಿ ನೋಡಿದೆ. ಕಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ನೆಲ ನುಣ್ಣಗೆ ಕೂಡಿಕೊಂಡಿತ್ತು, ಅಲ್ಲೊಂದು ಕಲ್ಲಿತ್ತು ಎಂದರೆ ನಂಬುವ ಹಾಗಿರಲಿಲ್ಲ. ಯತೀಶ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೇಷ್ಟ್ರು ಅವನ ಪಕ್ಕ ಕೂತು, ಮಹಾನಾಯಕರು ಭೂತಾಯಿಯಲ್ಲಿ ಐಕ್ಯರಾದರು ಎಂದು ಬರೆದುಕೊಳ್ಳುತ್ತಿದ್ದರು.

ನಲವತ್ತು ಕಲ್ಲುಗಳು ಇನ್ನೂ ಇವೆ, ಬೆಳೆಯುತ್ತಿವೆ. ನರ್ಸಮ್ಮ ಈಗ ಮೂವರಲ್ಲಿ ಒಬ್ಬಳು, ವರ್ಷಕ್ಕೊಂದು ವಾರ ತಂಗಿಯ ಮನೆಗೆ ಹೋಗಿ ಬರುತ್ತಾಳೆ. ಪುಣ್ಯತಿಥಿಯ ದಿನ ಆ ಬರೀ ನೆಲಕ್ಕೆ ಹಾರ ಇಟ್ಟು ಸಾಲಾಗಿ ನಿಂತು ಕೈ ಮುಗಿಯುತ್ತಾರೆ. ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನೂ ಹೋಗುತ್ತೇನೆ, ಒಂದು ಹೂವು ಹಾಕುತ್ತೇನೆ, ಆ ನೆಲವನ್ನು ಅಂಗೈಯಿಂದ ಸವರಿ ನೋಡುತ್ತೇನೆ. ಒಂದು ಅಕ್ಷರವೂ ತಗಲುವುದಿಲ್ಲ. ನಾನು ಕೊರೆದದ್ದರಲ್ಲಿ ಸುಳ್ಳಿಲ್ಲದ ಜಾಗ ಊರಲ್ಲಿ ಅದೊಂದೇ.